ವರ್ಗಾವಣೆಯಾಗದ ಆಟ: ಸೈನಿಕ ಸಂಸ್ಥೆಗಳ ಫುಟ್‌ಬಾಲ್



ಸೈನಿಕ ಸಂಸ್ಥೆಯೊಂದರ ಫುಟ್‌ಬಾಲ್ ತಂಡವು ಒಂದು ಸೀಸನ್ನಿನುದ್ದಕ್ಕೂ ಗೆಲ್ಲುತ್ತ ಹೋಗುವುದು ಹೇಗೆ, ಆ ಗೆಲುವು ಯಾರ ಸ್ವತ್ತು, ಗೆದ್ದ ಆಟಗಾರರು ಬೇರೆಡೆಗೆ ಹೋದ ಮೇಲೆ ಅಲ್ಲಿ ಉಳಿಯುವುದು ಏನು ಎಂಬ ಪ್ರಶ್ನೆಗಳು ಈ ಕಾಲೇಜಿನ ಇಂದಿನ ದತ್ತಿ ಉಪನ್ಯಾಸದ ವಿಷಯ. ಸೀಸನ್ ಎಂದರೆ ವರ್ಷದ ಗೊತ್ತಾದ ತಿಂಗಳುಗಳಲ್ಲಿ ಒಂದು ತಂಡ ಆಡುವ ಪಂದ್ಯಗಳ ಒಟ್ಟು ಸಾಲು. ಒಂದು ಪಂದ್ಯದ ಗೆಲುವಿನಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲಿರಬಹುದಾದರೂ ಇಡೀ ಸಾಲಿನ ಗೆಲುವಿನಲ್ಲಿ ಅದರ ಪಾಲು ಕಿರಿದಾಗುವುದರಿಂದ, ತಂಡವನ್ನು ರೂಪಿಸಿದ ಸಂಸ್ಥೆಯ ಗುಣವನ್ನು ಅಳೆಯಲು ಸೀಸನ್ ಒಳ್ಳೆಯ ಮಾನದಂಡ.

ವಿಷಯದ ಎಲ್ಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅಮೆರಿಕದಲ್ಲಿ ಸೈನಿಕ ಅಕಾಡೆಮಿಗಳು, ಅಂದರೆ ಸೇನಾಧಿಕಾರಿಗಳನ್ನು ತಯಾರಿಸುವ ಪದವಿ ಕಾಲೇಜುಗಳು, ನಾಗರಿಕ ವಿಶ್ವವಿದ್ಯಾಲಯಗಳ ಎದುರು ಸಾರ್ವಜನಿಕವಾಗಿ ಪಂದ್ಯಗಳನ್ನಾಡುತ್ತವೆ. ಭಾರತದಲ್ಲಿ ಆ ಪದ್ಧತಿಯಿಲ್ಲ. ಪುಣೆಯ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಫುಟ್‌ಬಾಲ್ ಇದೆಯಾದರೂ ಅದು ಬಹುಮಟ್ಟಿಗೆ ಸ್ಕ್ವಾಡ್ರನ್‌ಗಳ ನಡುವಿನ, ಅಂದರೆ ಕೆಡೆಟ್ಟುಗಳ ಒಳಪಂಗಡಗಳ ನಡುವಿನ ಸ್ಪರ್ಧೆ. ಆದ್ದರಿಂದ ಇಲ್ಲಿ ಮುಖ್ಯವಾಗಿ ಪರಿಶೀಲಿಸಲಿರುವುದು ಭೂಸೇನೆ, ನೌಕಾಪಡೆ, ವಾಯುಪಡೆಗಳು ಕೂಡಿ ಕಣಕ್ಕಿಳಿಸುವ 'ಸರ್ವಿಸಸ್' ತಂಡವನ್ನು ಮತ್ತು ಅದರ ಹಿಂದೆ ನಿಂತಿರುವ ರೆಜಿಮೆಂಟುಗಳ ಆಟವನ್ನು. ಆ ಆಟಕ್ಕೂ ಕನ್ನಡನಾಡಿಗೂ ಇರುವ ನಂಟನ್ನು ಮೊದಲು, ಸೇನಾ ತಂಡದ ಒಳರಚನೆಯನ್ನು ಆಮೇಲೆ ನೋಡಿ, ಹೋಲಿಕೆಗಾಗಿ ಅಮೆರಿಕದ ವೆಸ್ಟ್ ಪಾಯಿಂಟಿನ 2024ರ ಸೀಸನ್ನನ್ನು ಎತ್ತಿಕೊಂಡು, ಕೊನೆಗೆ ತುಂಗಾ ಭದ್ರೆಯರ ಈ ಶಿವಮೊಗ್ಗ ಸೀಮೆಗೆ ಮರಳುವುದು ಉಪನ್ಯಾಸದ ಹಾದಿ.

ಮೊದಲಿಗೆ ದಂಡಿನ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಯು 1809ರಲ್ಲಿ ಬೆಂಗಳೂರಿಗೆ ಬಂದು, ಹಳೆಯ ಪೇಟೆಯಿಂದ ಪೂರ್ವಕ್ಕೆ ಹಲಸೂರಿನ ಸುತ್ತ ನೆಲೆಯೂರಿದಾಗ ಹುಟ್ಟಿಕೊಂಡ ಹೊಸ ಊರನ್ನು ಕನ್ನಡಿಗರು 'ದಂಡು' ಎಂದು ಕರೆದರು. ಪೇಟೆ ಮತ್ತು ದಂಡು ಎಂಬ ಎರಡು ಊರುಗಳು ಎರಡು ಆಡಳಿತಗಳ ಕೆಳಗೆ, ಎರಡು ಜೀವನಕ್ರಮಗಳೊಡನೆ ಬಹುಕಾಲ ಅಕ್ಕಪಕ್ಕದಲ್ಲಿ ಬೆಳೆದವು. ಮದ್ರಾಸಿನಲ್ಲಿ 1780ರಲ್ಲಿ ಕಟ್ಟಿದ, ಸೇತುವೆ ರಸ್ತೆಗಳನ್ನು ನಿರ್ಮಿಸುವ ಮತ್ತು ಕೋಟೆಗೋಡೆಗಳನ್ನು ಒಡೆಯುವ ಕೆಲಸದ ಸ್ಯಾಪರ್ ದಳವು 1834ರಲ್ಲಿ ಹಲಸೂರು ಕೆರೆಯ ಬಳಿ ನೆಲೆಗೊಂಡಿತು. ಇಂದು ಎಂ.ಇ.ಜಿ. ಎಂದು ಎಲ್ಲರೂ ಕರೆಯುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟಿಷ್ ಸೈನಿಕರು ತಮ್ಮೊಡನೆ ತಂದ ಆಟಗಳಲ್ಲಿ ಕ್ರಿಕೆಟ್ಟು ಅಧಿಕಾರಿಗಳ ಮತ್ತು ಅರಮನೆಗಳ ಕಡೆಗೆ ವಾಲಿದರೆ, ಒಂದು ಚೆಂಡು ಮತ್ತು ಒಂದು ಬಯಲಿನ ಹೊರತು ಮತ್ತೇನನ್ನೂ ಬೇಡದ ಫುಟ್‌ಬಾಲ್ ಸಾಮಾನ್ಯ ಸಿಪಾಯಿಯ ಆಟವಾಗಿ, ಅವನ ಬ್ಯಾರಕ್ಕಿನ ಸುತ್ತ ದುಡಿಯುತ್ತಿದ್ದ ಅಡಿಗೆಯವರ, ದೋಬಿಗಳ, ಕುದುರೆಲಾಯದ ಆಳುಗಳ ಮಕ್ಕಳ ಆಟವಾಗಿ ಹಬ್ಬಿತು.

ದೇಶದ ದೊಡ್ಡ ಪಂದ್ಯಾವಳಿಗಳು ಹುಟ್ಟಿದ್ದೂ ಸೇನೆಯ ಅಂಗಳದಲ್ಲೇ. ಅಫ್ಘಾನಿಸ್ತಾನದ ಗಡಿರೇಖೆಗೆ ಹೆಸರು ಕೊಟ್ಟ ಮಾರ್ಟಿಮರ್ ಡ್ಯುರಾಂಡ್, ಬ್ರಿಟಿಷ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ, 1888ರಲ್ಲಿ ಶಿಮ್ಲಾ ಸೀಮೆಯಲ್ಲಿ ಸೈನಿಕರಿಗಾಗಿ ಆರಂಭಿಸಿದ ಡ್ಯುರಾಂಡ್ ಕಪ್ಪನ್ನು ಮೊದಲ ವರ್ಷ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಎಂಬ ಪಡೆ ಗೆದ್ದಿತು. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ಪು ಕೂಡ ದಶಕಗಳವರೆಗೆ ಬ್ರಿಟಿಷ್ ರೆಜಿಮೆಂಟುಗಳ ಕೈಯಲ್ಲೇ ಇತ್ತು. 1911ರಲ್ಲಿ ಕೊಲ್ಕತ್ತದ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದ ಸಂಗತಿ ಶಾಲಾ ಮಕ್ಕಳಿಗೂ ತಿಳಿದಿದೆ. ಆದರೆ ರೋವರ್ಸ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ನಮ್ಮ ರಾಜ್ಯದ್ದು, 1937ರ ಬೆಂಗಳೂರು ಮುಸ್ಲಿಮ್ಸ್, ಎಂಬುದನ್ನು ಕನ್ನಡನಾಡಿನ ಕ್ರೀಡಾಚರಿತ್ರೆ ಇನ್ನೂ ತಕ್ಕ ಗೌರವದಿಂದ ನೆನೆಯುತ್ತಿಲ್ಲ. ಆ ತಂಡ ಮರುವರ್ಷವೂ ಕಪ್ಪನ್ನು ಉಳಿಸಿಕೊಂಡಿತು. ದಂಡಿನ ಬೇಲಿಯ ಹೊರಗೆ ನಿಂತು ಆಟವನ್ನು ಕಲಿತವರು ಬೇಲಿಯೊಳಗಿನವರ ಬಹುಮಾನವನ್ನು ಮನೆಗೆ ತಂದ ಈ ಎರಡು ವರ್ಷಗಳಿಗೆ ಮೈಸೂರು ಸಂಸ್ಥಾನದ ಆಧುನಿಕ ಚರಿತ್ರೆಯಲ್ಲೇ ಒಂದು ಸ್ಥಾನ ಸಲ್ಲಬೇಕು.

ಅದರ ಮುಂದಿನ ಫಲಗಳು ಬೇಗನೆ ಕಾಣಿಸಿಕೊಂಡವು. 1941ರಲ್ಲಿ ಆರಂಭವಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪು, ಅಂದರೆ ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ, 1946-47ರಲ್ಲಿ ಬಂಗಾಳವನ್ನು ಸೋಲಿಸಿದ ಮೈಸೂರಿಗೆ ಬಂತು. 1952-53ರಲ್ಲಿ ಮತ್ತೆ ಬಂತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡವು ಫ್ರಾನ್ಸಿಗೆ 2-1ರಿಂದ ಸೋತಿತಾದರೂ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಆ ಪಂದ್ಯದಲ್ಲಿ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು 'ಪಂಚಪಾಂಡವರು' ಎಂದು ಕೊಂಡಾಡಿದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದ ಅಹಮದ್ ಖಾನ್ ಕೂಡ ಇದೇ ಊರಿನವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಅಂಬೇಡ್ಕರ್ ಮತ್ತು ಬುದ್ಧರ ಪ್ರತಿಮೆಗಳ ಜೊತೆಗೆ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೂ ನಿಂತಿರುವುದನ್ನು ನೋಡಿ ಇಂದು ಅಚ್ಚರಿಪಡುವವರಿದ್ದಾರೆ. ಸೇನೆಯ ಮೈದಾನಗಳು ಆ ಬಡಾವಣೆಗೆ ಎಷ್ಟು ಹತ್ತಿರವೆಂಬುದನ್ನು ನಕ್ಷೆಯಲ್ಲಿ ನೋಡಿದವರಿಗೆ ಆ ಅಚ್ಚರಿ ಉಳಿಯುವುದಿಲ್ಲ.

ಇಲ್ಲಿಂದ ಎರಡನೆಯ ವಿಷಯಕ್ಕೆ, ಅಂದರೆ ಸೇನಾ ತಂಡದ ಒಳರಚನೆಗೆ ಬರಬಹುದು. ಸ್ವಾತಂತ್ರ್ಯಾನಂತರ ಬ್ರಿಟಿಷ್ ಪಡೆಗಳು ಹೊರಟುಹೋದಾಗ ಡ್ಯುರಾಂಡ್ ಕಪ್ಪು ಪೊಲೀಸರ ಮತ್ತು ಕೊಲ್ಕತ್ತದ ಕ್ಲಬ್ಬುಗಳ ಕೈ ಸೇರಿತು. ಅದನ್ನು ಗೆದ್ದ ಮೊದಲ ಭಾರತೀಯ ಸೇನಾ ತಂಡ 1955ರ ಮದ್ರಾಸ್ ರೆಜಿಮೆಂಟಲ್ ಸೆಂಟರ್. ಇದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿರುವ, ಕನ್ನಡಿಗರೂ ಸೇರಿದಂತೆ ದಕ್ಷಿಣದ ರಾಜ್ಯಗಳ ಯುವಕರನ್ನು ಸಿಪಾಯಿಗಳನ್ನಾಗಿ ತಿದ್ದುವ ತರಬೇತಿ ಕೇಂದ್ರ. ಅಂತಿಮ ಪಂದ್ಯದಲ್ಲಿ ಭಾರತೀಯ ವಾಯುಪಡೆಯನ್ನು 3-2ರಿಂದ ಸೋಲಿಸಿದ ಈ ತಂಡ 1958ರಲ್ಲಿ ಗೂರ್ಖಾ ಬ್ರಿಗೇಡನ್ನು 2-0ಯಿಂದ ಮಣಿಸಿ ಮತ್ತೊಮ್ಮೆ ಗೆದ್ದಿತು. ಅದರ ಗೋಲಿನ ಮುಂದೆ ನಿಂತಿದ್ದವರು ಪೀಟರ್ ತಂಗರಾಜ್. ಹೈದರಾಬಾದಿನಲ್ಲಿ ಹುಟ್ಟಿ, ಸಿಕಂದರಾಬಾದಿನ ಕ್ಲಬ್ಬುಗಳಲ್ಲಿ ಆಡಿ, 1953ರಲ್ಲಿ ಸೇನೆ ಸೇರಿದ ಅವರು ಆರಂಭದಲ್ಲಿ ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಆಗಿದ್ದರು. ಗೋಲು ಕಾಯುವ ಕೆಲಸಕ್ಕೆ ಬಂದದ್ದು ಸೇನೆಯಲ್ಲಿ. ಆರಡಿಗೂ ಮಿಕ್ಕ ಎತ್ತರದ ಆ ಯುವಕ ಮುಂದೆ 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸಿಗೆ ಹೋಗಿ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ತಂಡದ ಗೋಲ್‌ಕೀಪರ್ ಆದರು. ಮುಂದಿನ ಸಾಲಿನಲ್ಲಿ ಮಿಂಚುವ ಆಸೆಯ ಹುಡುಗನನ್ನು ಹಿಂದಕ್ಕೆ ಕರೆದು ಕಂಬಗಳ ನಡುವೆ ನಿಲ್ಲಿಸುವುದು ಎಲ್ಲ ತಂಡಗಳಲ್ಲೂ ಸುಲಭವಲ್ಲ. ಹೇಳಿದ ಜಾಗದಲ್ಲಿ ನಿಲ್ಲುವುದನ್ನೇ ವೃತ್ತಿಯ ಮೊದಲ ಪಾಠವಾಗಿ ಕಲಿಸುವ ಸಂಸ್ಥೆಯಲ್ಲಿ ಅದು ಸಹಜವಾಗಿ ನಡೆದೀತು.

ತಂಗರಾಜರು ನಾಯಕರಾಗಿದ್ದ ಸರ್ವಿಸಸ್ ತಂಡವೇ 1960-61ರ ಸೀಸನ್ನಿನಲ್ಲಿ ಕೋಳಿಕ್ಕೋಡಿನಲ್ಲಿ ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಬಂದದ್ದು ದೀರ್ಘ ಬರಗಾಲ. ಎರಡನೆಯ ಟ್ರೋಫಿ ಬರಲು 2011-12ರವರೆಗೆ, ಅಂದರೆ 51 ವರ್ಷ ಕಾಯಬೇಕಾಯಿತು. ಇದಕ್ಕೆ ಒಂದೇ ಕಾರಣವನ್ನು ಹೇಳಿ ಮುಗಿಸುವುದು ಸರಿಯಲ್ಲ. 1962, 1965 ಮತ್ತು 1971ರ ಯುದ್ಧಗಳು ಸೇನೆಯ ಗಮನವನ್ನು ಸಹಜವಾಗಿಯೇ ಮೈದಾನದಿಂದಾಚೆಗೆ ಸೆಳೆದವು. ತಂಗರಾಜರಂಥವರು ಸೇನೆ ಬಿಟ್ಟು ಕೊಲ್ಕತ್ತದ ಕ್ಲಬ್ಬುಗಳಿಗೆ ಹೋದರು. ಪೊಲೀಸ್ ಇಲಾಖೆ, ರೈಲ್ವೆ, ಬೆಂಗಳೂರಿನ ಐ.ಟಿ.ಐ. ಮತ್ತು ಎಚ್.ಎ.ಎಲ್.ನಂಥ ಸಾರ್ವಜನಿಕ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು, ಊರು ಬಿಡಿಸದೆ, ಬಂದೂಕು ಹಿಡಿಸದೆ ಆಡಿಸಿಕೊಂಡವು. ಹಾಗೆಂದು ಸೈನಿಕ ಫುಟ್‌ಬಾಲ್ ಸತ್ತಿತೆನ್ನುವಂತಿಲ್ಲ: ಗೂರ್ಖಾ ಬ್ರಿಗೇಡ್ 1966 ಮತ್ತು 1969ರಲ್ಲಿ ಡ್ಯುರಾಂಡ್ ಗೆದ್ದಿತು. ರೆಜಿಮೆಂಟುಗಳಲ್ಲಿ ಆಟ ಉಳಿದಿತ್ತು; ಮೂರು ಪಡೆಗಳನ್ನು ಕೂಡಿಸಿದ ತಂಡಕ್ಕೆ ಗೆಲುವು ದಕ್ಕಲಿಲ್ಲ.

2011-12ರಿಂದ ಮುಂದಿನ ಹದಿಮೂರು ಸೀಸನ್ನುಗಳಲ್ಲಿ ಆ ಗೆಲುವು ಆರು ಸಲ ಬಂತು. ಆ ಆರು ಅಂತಿಮ ಪಂದ್ಯಗಳ ಫಲಿತಾಂಶಗಳನ್ನು ಸಾಲಾಗಿಟ್ಟು ನೋಡುವುದು ಈ ಉಪನ್ಯಾಸದ ತಿರುಳಿಗೆ ಅಗತ್ಯ. 2012ರಲ್ಲಿ ಕಟಕ್‌ನಲ್ಲಿ ತಮಿಳುನಾಡಿನ ಎದುರು 3-2. 2013ರಲ್ಲಿ ಕೊಚ್ಚಿಯಲ್ಲಿ ಕೇರಳದ ಎದುರು ಗೋಲಿಲ್ಲದ ಸಮಬಲದ ನಂತರ ಪೆನಾಲ್ಟಿ ಒದೆತಗಳಲ್ಲಿ ಗೆಲುವು. 2015ರಲ್ಲಿ ಜಲಂಧರ್‌ನಲ್ಲಿ ಪಂಜಾಬಿನ ಎದುರು ಮತ್ತೆ ಪೆನಾಲ್ಟಿಗಳಲ್ಲಿ. 2016ರಲ್ಲಿ ನಾಗಪುರದಲ್ಲಿ ಮಹಾರಾಷ್ಟ್ರದ ಎದುರು 2-1. 2019ರಲ್ಲಿ ಲೂಧಿಯಾನದಲ್ಲಿ ಪಂಜಾಬಿನ ಎದುರು 1-0. 2024ರ ಮಾರ್ಚ್ 9ರಂದು ಅರುಣಾಚಲ ಪ್ರದೇಶದ ಯೂಪಿಯಾದಲ್ಲಿ ಗೋವಾದ ಎದುರು 1-0. ಈ ಪಟ್ಟಿಯಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಒಮ್ಮೆಯೂ ಒಂದು ಗೋಲಿಗಿಂತ ಹೆಚ್ಚಿನ ಅಂತರದ ಗೆಲುವಿಲ್ಲ. ಎದುರಾಳಿಯನ್ನು ಮುಳುಗಿಸಿಬಿಡುವ ಆಟವಲ್ಲ ಅದು; ತೊಂಬತ್ತನೆಯ ನಿಮಿಷದಲ್ಲೂ ಸಾಲು ಕೆಡದಂತೆ ನಿಂತು, ಬೇಕಾದರೆ ನೂರಿಪ್ಪತ್ತನೆಯ ನಿಮಿಷದವರೆಗೂ ನಿಂತು, ಸಿಕ್ಕ ಒಂದು ಅವಕಾಶವನ್ನು ಕೈಬಿಡದ ಆಟ.

ಎರಡನೆಯ ಸಂಗತಿ ಇನ್ನೂ ಹೆಚ್ಚು ಹೇಳುತ್ತದೆ. ಆರರಲ್ಲಿ ನಾಲ್ಕು ಅಂತಿಮ ಪಂದ್ಯಗಳನ್ನು ಸರ್ವಿಸಸ್ ಗೆದ್ದದ್ದು ಎದುರಾಳಿ ರಾಜ್ಯದ ನೆಲದಲ್ಲಿ, ಆ ರಾಜ್ಯದ ಪ್ರೇಕ್ಷಕರ ನಡುವೆ. ಕೇರಳಕ್ಕೆ ಕೊಚ್ಚಿಯಿದೆ, ಪಂಜಾಬಿಗೆ ಜಲಂಧರ್ ಇದೆ, ಮಹಾರಾಷ್ಟ್ರಕ್ಕೆ ನಾಗಪುರವಿದೆ. ಸರ್ವಿಸಸ್ ತಂಡಕ್ಕೆ ತವರೆಂಬುದೇ ಇಲ್ಲ. ಅದರ ಹೆಸರು ಹಿಡಿದು ಕೂಗುವ ಜಿಲ್ಲೆಯಿಲ್ಲ, ಅದು ಸೋತರೆ ಮರುದಿನ ಅಂಗಡಿ ಕಟ್ಟೆಗಳ ಮೇಲೆ ಕೊರಗುವ ಊರಿಲ್ಲ. ಮಣಿಪುರ, ಕೇರಳ, ಬಂಗಾಳ, ಉತ್ತರಾಖಂಡಗಳಂಥ ಬೇರೆಬೇರೆ ಸೀಮೆಗಳ, ಬೇರೆಬೇರೆ ಮನೆಮಾತುಗಳ, ಬೇರೆಬೇರೆ ಘಟಕಗಳಿಗೆ ಸೇರಿದ ಯುವಕರು ಆಯ್ಕೆಯ ಶಿಬಿರವೊಂದರಲ್ಲಿ ಕಲೆತು ತಂಡವಾಗುತ್ತಾರೆ. ಪಂದ್ಯಾವಳಿ ಮುಗಿದರೆ ತಮ್ಮ ತಮ್ಮ ಘಟಕಗಳಿಗೆ ಮರಳುತ್ತಾರೆ. ಸೈನಿಕನ ಬದುಕಿನಲ್ಲಿ ವರ್ಗಾವಣೆ ತಪ್ಪಿದ್ದಲ್ಲ. ಹೀಗಿರುವಾಗ ತಂಡವನ್ನು ಹಿಡಿದಿಟ್ಟದ್ದು ಆಟಗಾರರ ಹೆಸರುಗಳಾಗಲಾರವು. ಯಾವ ಛಾವಣಿಗೆ ಹೋದರೂ ಬೆಳಗಿನ ದೈಹಿಕ ತರಬೇತಿ ಅದೇ ಹೊತ್ತಿಗೆ, ಸಂಜೆಯ ಆಟ ಅದೇ ಹೊತ್ತಿಗೆ. ಕಂಪನಿಗೊಂದು ತಂಡ, ಬೆಟಾಲಿಯನ್ನಿಗೊಂದು ತಂಡ, ಅದರ ಮೇಲೆ ಕಮಾಂಡಿನ ತಂಡ. ಆಡಿ ಮುಗಿಸಿದ ಹವಾಲ್ದಾರ ಇಲ್ಲವೇ ಸುಬೇದಾರ ಸೀಟಿ ಹಿಡಿದು ಮುಂದಿನವನಿಗೆ ಕಲಿಸುತ್ತಾನೆ. ವ್ಯಕ್ತಿಗಳು ವರ್ಗವಾಗುತ್ತಾರೆ, ಆಟ ವರ್ಗವಾಗುವುದಿಲ್ಲ.

ಈ ಏರ್ಪಾಡಿನ ಕೆಳಗಿನ ಮೆಟ್ಟಿಲಾಗಿ 'ಬಾಯ್ಸ್ ಸ್ಪೋರ್ಟ್ಸ್ ಕಂಪನಿ' ಎಂಬ ವ್ಯವಸ್ಥೆಯನ್ನು ಹೆಸರಿಸಬೇಕು. ಭೂಸೇನೆಯು ಭಾರತೀಯ ಕ್ರೀಡಾ ಪ್ರಾಧಿಕಾರದೊಡನೆ ಸೇರಿ ರೆಜಿಮೆಂಟಲ್ ಕೇಂದ್ರಗಳಲ್ಲಿ ನಡೆಸುವ ಈ ಕಂಪನಿಗಳಿಗೆ 8ರಿಂದ 14 ವರ್ಷದೊಳಗಿನ ಬಾಲಕರನ್ನು ಆರಿಸಿ, ಊಟ, ವಸತಿ, ಶಾಲೆ ಮತ್ತು ತರಬೇತಿಗಳನ್ನು ಒಟ್ಟಿಗೆ ಒದಗಿಸಿ, ಹದಿನೇಳೂವರೆ ವರ್ಷ ತುಂಬಿ ಅರ್ಹತೆ ಪಡೆದವರಿಗೆ ಸೇನೆ ಸೇರುವ ದಾರಿಯನ್ನು ತೆರೆದಿಡಲಾಗುತ್ತದೆ. ಕ್ರೀಡೆ ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗುತ್ತದೆ, ಬೆಂಗಳೂರಿನ ಎಂ.ಇ.ಜಿ. ಕೇಂದ್ರದಲ್ಲೂ ಇಂಥ ಕಂಪನಿಯಿದೆ. ಹತ್ತು ವರ್ಷದ ಮಗುವನ್ನು ಮನೆಯಿಂದ ದೂರವಿಟ್ಟು ಆಟಗಾರನನ್ನಾಗಿ ಬೆಳೆಸುವುದರಲ್ಲಿರುವ ಭಾರವನ್ನು ಮರೆಯಬಾರದು. ಆದರೆ ಆಟವಾಡಿ ಹೊಟ್ಟೆ ತುಂಬುವುದೇ ಎಂದು ಕೇಳುವ ಬಡ ಮನೆಗಳಿಗೆ, ಆಟದ ಕೊನೆಯಲ್ಲಿ ಸಂಬಳ, ಪಿಂಚಣಿಗಳಿರುವ ನೌಕರಿಯನ್ನು ತೋರಿಸಬಲ್ಲ ಸಂಸ್ಥೆಗಳು ಈ ದೇಶದಲ್ಲಿ ಹೆಚ್ಚಿಲ್ಲವೆಂಬುದೂ ಅಷ್ಟೇ ನಿಜ. ಭಾರತದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದ, ಬೆಂಗಳೂರು ಎಫ್.ಸಿ. ತಂಡದ ಮುಖವೇ ಆದ ಸುನಿಲ್ ಛೇತ್ರಿಯವರ ತಂದೆ ಸೇನೆಯ ಇ.ಎಂ.ಇ., ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ದಳದಲ್ಲಿದ್ದವರು ಎಂಬುದನ್ನೂ ಇಲ್ಲಿ ನೆನೆಯಬಹುದು.

ಇನ್ನು ಹೋಲಿಕೆಗಾಗಿ ಸಮುದ್ರ ದಾಟುವುದು. ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಡದ ವೆಸ್ಟ್ ಪಾಯಿಂಟಿನಲ್ಲಿ 1802ರಲ್ಲಿ ಸ್ಥಾಪನೆಯಾದ ಸೈನಿಕ ಅಕಾಡೆಮಿಯ ತಂಡವನ್ನು ಅಲ್ಲಿ 'ಆರ್ಮಿ' ಎಂದಷ್ಟೇ ಕರೆಯುತ್ತಾರೆ. ಅಲ್ಲಿಯ ಫುಟ್‌ಬಾಲ್ ಬೇರೆ ಆಟವೆಂಬುದನ್ನು ವಿವರಿಸಬೇಕು: ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಇಲ್ಲವೇ ಎಸೆದು, ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೊತ್ತುತ್ತ, ಎದುರಾಳಿಯ ನೆಲವನ್ನು ತುಂಡುತುಂಡಾಗಿ ಗೆದ್ದುಕೊಳ್ಳುವ ಹನ್ನೊಂದು ಜನರ ಆಟವದು. 1890ರಲ್ಲಿ ನೌಕಾ ಅಕಾಡೆಮಿಯೊಡನೆ ಮೊದಲ ಪಂದ್ಯವನ್ನು ಏರ್ಪಡಿಸಿದ ಕೆಡೆಟ್ ಡೆನ್ನಿಸ್ ಮೈಕಿ, ಆ ಪಂದ್ಯದಲ್ಲಿ 24-0ಯಿಂದ ಸೋತು, ಎಂಟು ವರ್ಷಗಳ ನಂತರ ಕ್ಯೂಬಾದ ಯುದ್ಧದಲ್ಲಿ ಮಡಿದರು. ಅಕಾಡೆಮಿಯ ಕ್ರೀಡಾಂಗಣಕ್ಕೆ ಇರುವುದು ಅವರದೇ ಹೆಸರು.

ಆ ತಂಡದ ಚರಿತ್ರೆಯಲ್ಲಿ 1944, 1945 ಮತ್ತು 1946ರ ಮೂರು ಸೀಸನ್ನುಗಳನ್ನು ಸುವರ್ಣಕಾಲವೆನ್ನುತ್ತಾರೆ. ಅರ್ಲ್ ಬ್ಲೇಕ್ ಎಂಬ ತರಬೇತುದಾರರ ಕೈಕೆಳಗೆ, ಡಾಕ್ ಬ್ಲಾಂಚರ್ಡ್ ಮತ್ತು ಗ್ಲೆನ್ ಡೇವಿಸ್ ಎಂಬ ಇಬ್ಬರು ಓಟಗಾರರ ಬಲದಿಂದ, ಆಡಿದ 28 ಪಂದ್ಯಗಳಲ್ಲಿ 27ನ್ನು ಗೆದ್ದು ಒಂದನ್ನು ಸಮ ಮಾಡಿಕೊಂಡ ಆ ತಂಡವು ಆಗಿನ ಬಲಾಢ್ಯ ನೋಟ್ರ್ ಡೇಮ್ ವಿಶ್ವವಿದ್ಯಾಲಯವನ್ನು 1944ರಲ್ಲಿ 59-0ಯಿಂದ ಸೋಲಿಸಿತ್ತು. ಆದರೆ ಆ ಗೆಲುವನ್ನು ತೂಗುವಾಗ ಕಾಲವನ್ನೂ ತಕ್ಕಡಿಗೆ ಹಾಕಬೇಕು: ಯುದ್ಧಕ್ಕಾಗಿ ಬೇರೆ ಕಾಲೇಜುಗಳ ಯುವಕರು ಸೇನೆಗೆ ಹೊರಟುಹೋಗಿದ್ದರು, ಅಕಾಡೆಮಿಯಲ್ಲಾದರೋ ಪ್ರತಿಭೆಗಳು ಒಟ್ಟುಗೂಡಿದ್ದವು. 1951ರಲ್ಲಿ ಪರೀಕ್ಷೆಯ ನಕಲಿನ ಪ್ರಕರಣದಲ್ಲಿ ಸುಮಾರು 90 ಕೆಡೆಟ್ಟುಗಳನ್ನು ಅಕಾಡೆಮಿ ಹೊರಹಾಕಿತು. ಅವರಲ್ಲಿ ಬಹಳ ಜನ ಫುಟ್‌ಬಾಲ್ ಆಟಗಾರರು, ಒಬ್ಬ ತರಬೇತುದಾರರ ಮಗನೇ. ಗೆಲುವಿಗಾಗಿ ತನ್ನ ಶಪಥದ ಕಟ್ಟನ್ನು ಸಡಿಲಿಸದೆ, ತಂಡವನ್ನೇ ಬಲಿಕೊಟ್ಟ ಆ ನಿರ್ಧಾರವು ಮೂರು ಅಜೇಯ ಸೀಸನ್ನುಗಳಿಗಿಂತ ದೊಡ್ಡದೆಂದು ಭಾವಿಸಲು ಕಾರಣವಿದೆ. ಮುಂದೆ ಕೆಟ್ಟ ವರ್ಷಗಳೂ ಬಂದವು. 2003ರಲ್ಲಿ ಆ ತಂಡ ಆಡಿದ ಹದಿಮೂರಕ್ಕೆ ಹದಿಮೂರು ಪಂದ್ಯಗಳನ್ನೂ ಸೋತಿತು.

2024ರ ಸೀಸನ್ನನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಒಂದು ದಶಕದಿಂದ ತರಬೇತುದಾರರಾಗಿದ್ದ ಜೆಫ್ ಮಾಂಕೆನ್ ಅವರ ತಂಡವು ಆ ವರ್ಷ 'ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್' ಎಂಬ ವಿಶ್ವವಿದ್ಯಾಲಯಗಳ ಕೂಟವನ್ನು ಹೊಸದಾಗಿ ಸೇರಿ, ಅದರ ಎಂಟೂ ಲೀಗ್ ಪಂದ್ಯಗಳನ್ನು ಗೆದ್ದು, ಡಿಸೆಂಬರ್ 6ರಂದು ಮೈಕಿ ಕ್ರೀಡಾಂಗಣದಲ್ಲಿ ಟುಲೇನ್ ವಿಶ್ವವಿದ್ಯಾಲಯವನ್ನು 35-14ರಿಂದ ಸೋಲಿಸಿ, 1890ರಿಂದ ಆಡುತ್ತ ಬಂದ ತನ್ನ ಚರಿತ್ರೆಯಲ್ಲೇ ಮೊದಲ ಕೂಟ ಪ್ರಶಸ್ತಿಯನ್ನು ಪಡೆಯಿತು. ಸೀಸನ್ನಿನ ಒಟ್ಟು ಲೆಕ್ಕ 12 ಗೆಲುವು, 2 ಸೋಲು. ಹಿಂದೆಂದೂ ಆ ತಂಡ ಹನ್ನೆರಡು ಪಂದ್ಯಗಳನ್ನು ಗೆದ್ದಿರಲಿಲ್ಲ. ಸೋಲುಗಳೂ ಚಿಕ್ಕವಲ್ಲ: ನೋಟ್ರ್ ಡೇಮ್ ಎದುರು 49-14, ಪ್ರತಿ ಕೆಡೆಟ್ಟೂ ಗೆಲ್ಲಲೇಬೇಕೆಂದು ಬಯಸುವ ನೌಕಾ ಅಕಾಡೆಮಿಯ ಎದುರು 31-13.

ಆ ಕಾಲಕ್ಕೆ ಅಮೆರಿಕದ ಕಾಲೇಜು ಫುಟ್‌ಬಾಲ್ ಬೇರೆಯೇ ದಾರಿ ಹಿಡಿದಿತ್ತೆಂಬುದನ್ನು ತಿಳಿದಾಗ ಈ ಗೆಲುವಿನ ಅರ್ಥ ತೆರೆದುಕೊಳ್ಳುತ್ತದೆ. ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು ಮತ್ತು ಮುಖದ ಬಳಕೆಗೆ ಹಣ ಪಡೆಯಬಹುದೆಂಬ ನಿಯಮ ಬಂದಿತ್ತು. ಹೆಚ್ಚು ಹಣವಿರುವ ಇಲ್ಲವೇ ಹೆಚ್ಚು ಅವಕಾಶವಿರುವ ಕಾಲೇಜಿಗೆ ವರ್ಷದ ಕೊನೆಯಲ್ಲಿ ಹೊರಟುಹೋಗುವ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ನೋಂದಣಿ ವ್ಯವಸ್ಥೆ ಬಿರುಸಾಗಿತ್ತು. ಸೈನಿಕ ಅಕಾಡೆಮಿಯ ಕೆಡೆಟ್ಟು ಸರ್ಕಾರಿ ಸೇವಕನಾದ್ದರಿಂದ ಆ ಹಣವನ್ನು ಪಡೆಯುವಂತಿಲ್ಲ. ಬೇರೆ ಕಾಲೇಜಿನಿಂದ ಬರುವವನು ಮೊದಲ ವರ್ಷದ ಕಟ್ಟುನಿಟ್ಟುಗಳಿಂದಲೇ ಆರಂಭಿಸಬೇಕಾದ್ದರಿಂದ ಹೊರಗಿನವರನ್ನು ತಂದು ತಂಡ ಕಟ್ಟುವಂತೆಯೂ ಇಲ್ಲ. ಆರ್ಮಿ ತಂಡ ಆ ಸೀಸನ್ನಿನ ಕೊನೆಯ ಪಂದ್ಯವನ್ನು ಮಾರ್ಷಲ್ ವಿಶ್ವವಿದ್ಯಾಲಯದ ಎದುರು ಆಡಬೇಕಿತ್ತು. ಆದರೆ ತರಬೇತುದಾರ ಬೇರೆಡೆಗೆ ಹೊರಟು, ಬಹಳಷ್ಟು ಆಟಗಾರರು ಅದೇ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಿದ್ದರಿಂದ, ತನ್ನ ಕೂಟದ ಚಾಂಪಿಯನ್ ಆಗಿದ್ದ ಆ ವಿಶ್ವವಿದ್ಯಾಲಯಕ್ಕೆ ಕಣಕ್ಕಿಳಿಸಲು ಸಾಕಷ್ಟು ಜನರಿಲ್ಲದೆ ಹಿಂದೆ ಸರಿಯಬೇಕಾಯಿತು. ಅದರ ಬದಲು ಬಂದ ಲೂಸಿಯಾನ ಟೆಕ್ ತಂಡವನ್ನು ಆರ್ಮಿ 27-6ರಿಂದ ಸೋಲಿಸಿತು. ಅದೇ ವರ್ಷ, ಓಟಗಾರನಿಗೆ ದಾರಿ ಬಿಡಿಸುವ ಮುಂಸಾಲಿನ ಕಾವಲುಗಾರರಿಗೆ ಸಲ್ಲುವ ಜೋ ಮೂರ್ ಪ್ರಶಸ್ತಿಯೂ ಆರ್ಮಿಗೆ ಬಂತು. ಒಬ್ಬ ವ್ಯಕ್ತಿಗೆ ಕೊಡದೆ ಇಡೀ ಸಾಲಿಗೆ ಕೊಡುವ ಪ್ರಶಸ್ತಿಯದು.

ಈಗ ಕನ್ನಡನಾಡಿಗೆ ಮರಳಬಹುದು. 2023ರ ಮಾರ್ಚ್ 1ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್ಲಿನಲ್ಲಿ ಕರ್ನಾಟಕವು ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿ, ಮೂರು ದಿನಗಳ ನಂತರ ಮೇಘಾಲಯವನ್ನು 3-2ರಿಂದ ಮಣಿಸಿ, 1968-69ರ ತರುವಾಯ 54 ವರ್ಷಗಳಿಗೆ ಟ್ರೋಫಿಯನ್ನು ಮನೆಗೆ ತಂದಿತು. ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಗಿ ಆಗ ಒಂದು ವಾರವೂ ಆಗಿರಲಿಲ್ಲ. ಆ ಸಂಭ್ರಮದ ನಡುವೆ ಈ ಗೆಲುವಿನ ಸುದ್ದಿ ಜಿಲ್ಲೆಯಲ್ಲಿ ಸಾಕಷ್ಟು ಕಿವಿಗಳನ್ನು ತಲುಪಿದಂತೆ ತೋರಲಿಲ್ಲ. ಮರುವರ್ಷವೇ ಸರ್ವಿಸಸ್ ಟ್ರೋಫಿ ಗೆದ್ದಿತು, ಕರ್ನಾಟಕ ಉಳಿಸಿಕೊಳ್ಳಲಿಲ್ಲ. ಒಂದು ಸೀಸನ್ ಗೆಲ್ಲುವ ಶಕ್ತಿ ನಮ್ಮ ರಾಜ್ಯಕ್ಕಿದೆಯೆಂಬುದು ರಿಯಾದ್‌ನಲ್ಲಿ ಸಿದ್ಧವಾಯಿತು. ಹದಿಮೂರು ಸೀಸನ್ನುಗಳಲ್ಲಿ ಆರನ್ನು ಗೆಲ್ಲುವುದಕ್ಕೆ ಬೇಕಾದ ಏರ್ಪಾಡು ಬೇರೆಯೇ.

ಭದ್ರಾವತಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದಂದಿನಿಂದ ಅಲ್ಲಿ ಬೆಳೆದ ಊರಿಗೆ ಕಾರ್ಖಾನೆಯ ಸೈರನ್ ಹೊತ್ತು ತೋರಿಸುತ್ತಿತ್ತು; ಪಾಳಿ ಮುಗಿಸಿ ಬಂದವರಿಗೆ, ಅವರ ಮಕ್ಕಳಿಗೆ ಕ್ವಾರ್ಟರ್ಸುಗಳ ನಡುವಣ ಬಯಲುಗಳಿದ್ದವು. ಜಿ.ಆರ್. ವಿಶ್ವನಾಥ್ ಅವರಂಥ ಕ್ರಿಕೆಟಿಗ ಹುಟ್ಟಿದ್ದು ಆ ಊರಿನಲ್ಲಿ. ದುಡಿಮೆಯ ಹೊತ್ತು ಮತ್ತು ಆಟದ ಹೊತ್ತು ಎರಡನ್ನೂ ಒಂದೇ ಸಂಸ್ಥೆ ಗೊತ್ತುಮಾಡುವ ಆ ಬಗೆಯ ಬಾಳು ಕಾರ್ಖಾನೆಗಳು ಕುಗ್ಗಿದಂತೆ ಕುಗ್ಗಿದೆ. 2021ರ ಜನವರಿಯಲ್ಲಿ ಭದ್ರಾವತಿಯಲ್ಲಿ ಕ್ಷಿಪ್ರ ಕಾರ್ಯಪಡೆಯ 97ನೆಯ ಬೆಟಾಲಿಯನ್ ಕೇಂದ್ರಕ್ಕೆ ಶಂಕುಸ್ಥಾಪನೆಯಾಯಿತು. ಅದು ಸೇನೆಯಲ್ಲ, ಕೇಂದ್ರ ಮೀಸಲು ಪೊಲೀಸ್ ಪಡೆಯ ಅಂಗ; ಆದರೂ ಬೆಳಗಿನ ಪರೇಡು, ಸಂಜೆಯ ಆಟ ಅಲ್ಲಿಯ ದಿನಚರಿಯಲ್ಲೂ ಇರುವಂಥವು. ಹಲಸೂರಿನ ಮಕ್ಕಳು ಒಂದು ಕಾಲಕ್ಕೆ ಬೇಲಿಯಾಚೆಯಿಂದ ಆಟ ಕಲಿತ ಹಾಗೆ ಇಲ್ಲಿಯ ಮಕ್ಕಳು ಬೇಲಿಯಾಚೆ ನಿಲ್ಲಬೇಕಾದ ಅಗತ್ಯವಿಲ್ಲ. ಕಾಲೇಜುಗಳು ಕೇಳಿಕೊಂಡರೆ ಜೊತೆಯಾಗಿ ಆಡುವ ಪಂದ್ಯಗಳನ್ನು ಏರ್ಪಡಿಸಲು ಸಾಧ್ಯವಾದೀತು.

ಕಾಲೇಜಿನ ತಂಡಕ್ಕೂ ಸೈನಿಕ ತಂಡಕ್ಕೂ ಒಂದು ಸಾಮ್ಯವಿದೆ: ಎರಡರಲ್ಲೂ ಆಟಗಾರರು ನಿಲ್ಲುವುದಿಲ್ಲ. ಪದವಿಯ ಮೂರು ವರ್ಷಗಳಲ್ಲಿ ಮೊದಲನೆಯದು ಪರಿಚಯಕ್ಕೆ, ಎರಡನೆಯದು ಆಟಕ್ಕೆ, ಮೂರನೆಯದು ಪರೀಕ್ಷೆಗೆ ಹೋಗಿ, ಆಟ ಕೈಗೂಡುವ ಹೊತ್ತಿಗೆ ಹುಡುಗ ಹೊರಟುಬಿಡುತ್ತಾನೆ. ಸೈನಿಕ ತಂಡದಲ್ಲಿ ಹೊರಟವನು ಕಲಿತದ್ದನ್ನು ಬಿಟ್ಟುಹೋಗುವ ಏರ್ಪಾಡಿದೆ. ಮಲೆನಾಡಿನ ಬಹುಪಾಲು ಕಾಲೇಜುಗಳಲ್ಲಿ ಹುಡುಗನೊಡನೆ ಆಟವೂ ಹೊರಟುಹೋಗುತ್ತದೆ. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಗೆ ಎರಡು ವಾರ ಮೊದಲು ಅವಸರವಾಗಿ ಹನ್ನೊಂದು ಜನರನ್ನು ಕೂಡಿಸಿ ಕಳಿಸುವ ರೂಢಿಯನ್ನು ಬಿಟ್ಟು, ಜೂನ್ ತಿಂಗಳ ಮಳೆಯಲ್ಲೂ ನಿಲ್ಲದ ಒಂದು ದಿನಚರಿಯನ್ನು ಹಿಡಿಯಲು ದೊಡ್ಡ ಅನುದಾನ ಬೇಕಿಲ್ಲ. ಮಲೆನಾಡಿನ ಮಳೆ ಕ್ರಿಕೆಟ್ಟನ್ನು ನಿಲ್ಲಿಸೀತು. ಫುಟ್‌ಬಾಲನ್ನು ನಿಲ್ಲಿಸುವ ಮಳೆ ಅಪರೂಪ.

ಈ ದತ್ತಿಯ ಹಣದ ಒಂದಂಶವನ್ನು ಬಳಸಿ ಕಾಲೇಜು ಒಂದು ದಪ್ಪ ರಟ್ಟಿನ ರಿಜಿಸ್ಟರನ್ನು ತೆರೆಯಬಹುದೆಂಬುದು ಇಲ್ಲಿ ವಿನಯದಿಂದ ಮಂಡಿಸುವ ಸಲಹೆ. ಆಡಿದ ಪ್ರತಿ ಪಂದ್ಯದ ದಿನ, ಎದುರಾಳಿ, ಗೋಲುಗಳು, ಯಾವ ಜಾಗದಲ್ಲಿ ಯಾರು ಆಡಿದರು, ಎಲ್ಲಿ ತಪ್ಪಾಯಿತು ಎಂಬುದನ್ನು ತಂಡದ ನಾಯಕ ತನ್ನ ಕೈಯಿಂದಲೇ ಬರೆದು, ಅಂತಿಮ ವರ್ಷದ ಕೊನೆಯ ದಿನ ದೈಹಿಕ ಶಿಕ್ಷಣ ಅಧ್ಯಾಪಕರ ಎದುರಿನಲ್ಲಿ ಮುಂದಿನ ನಾಯಕನಿಗೆ ಒಪ್ಪಿಸಲಿ. ಊರಲ್ಲೇ ಉಳಿದ ಹಳೆಯ ಆಟಗಾರರು ವಾರಕ್ಕೆರಡು ಸಂಜೆ ಸೀಟಿ ಹಿಡಿದು ಮೈದಾನಕ್ಕೆ ಬರಲಿ. ಅವರ ಹೆಸರೂ ಆ ಪುಸ್ತಕದಲ್ಲಿ ಇರಲಿ. ಮೊದಲ ಪುಟದಲ್ಲಿ ಯಾವ ಆಟಗಾರನ ಹೆಸರೂ ಬೇಡ. ಅಲ್ಲಿ ಬರೆಯಬೇಕಾದುದು ಮೈದಾನದ ಉದ್ದಗಲ, ಅಭ್ಯಾಸ ಆರಂಭವಾಗುವ ಹೊತ್ತು, ಮತ್ತು ಚೆಂಡುಗಳನ್ನಿಟ್ಟಿರುವ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದು.